ಪೆಟ್ಟಿನ ಕಡೆಗೆ ಬಾಗಿದ ಪಟ್ಟಿ

“ಇದು ನಮ್ಮಣ್ಣ ಹೊಡೆದ ಪಟ್ಟಿ ಅಲ್ಲ. ಅಲ್ಲ ಅಂದ್ರೆ ಅಲ್ಲ!”

ಕಾರ್ಖಾನೆಯ ಯಜಮಾನಿ ಆ ಉಕ್ಕಿನ ತುಣುಕನ್ನು ತನ್ನ ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ದಫೇದಾರನ ಲೋಟದಿಂದ ಚಹಾ ತುಳುಕಿತು.

“ಮೆಲ್ಲಗೆ ತಾಯಿ, ಅದು ಸಾಕ್ಷಿ. ಒಗೆಯೋಕೆ ಹಾಕಿದ ಅಂಗಿ ಅಲ್ಲ” ಎಂದು ಅವನು ತನ್ನ ಪ್ಯಾಂಟು ಒರೆಸಿಕೊಂಡ.

ಸೂಜಿಯಮ್ಮ ಆ ತುಣುಕನ್ನೇ ನೋಡುತ್ತಿದ್ದಳು. ತನಿಖಾ ವಿಭಾಗದಲ್ಲಿ ಅವಳಿಗೆ ಆ ಹೆಸರು ಬಿದ್ದದ್ದು ಮೈ ಸಣ್ಣಗಿದೆ ಎಂದಲ್ಲ. ಹೊಕ್ಕ ಕಡೆ ದಾರ ಎಳೆಯದೆ ಹೊರಗೆ ಬರುವ ಹೆಂಗಸಲ್ಲ ಎಂದು. ಎದುರಿನವರು ಕೂಗಾಡಿದಷ್ಟೂ ಅವಳು ಮೆತ್ತಗಾಗುತ್ತಿದ್ದಳು.

ಸಂಗತಿ ಇಷ್ಟೇ: ಬೆಟ್ಟದ ರೋಪ್‌ವೇಯಲ್ಲಿ ಪರೀಕ್ಷೆಯ ಓಟ ನಡೆಯುವಾಗ ಒಂದು ತೊಟ್ಟಿಲು ಕಳಚಿ ಬಿದ್ದು, ಅದರೊಳಗಿದ್ದ ಹಿರಿಯ ಮೇಸ್ತ್ರಿ ಸತ್ತಿದ್ದ. ತೊಟ್ಟಿಲನ್ನು ಹಗ್ಗಕ್ಕೆ ತೂಗುಹಾಕಿದ್ದ ಉಕ್ಕಿನ ಪಿನ್ನು ಮುರಿದಿತ್ತು. ಆ ಪಿನ್ನಿಗೆ ಕಾಳು ಹೊಡೆದು, ಎಂದರೆ ಸಣ್ಣ ಉಕ್ಕಿನ ಗುಂಡುಗಳ ಮಳೆ ಸುರಿಸಿ ಗಟ್ಟಿ ಮಾಡಿ, ಕೊಟ್ಟಿದ್ದ ಕಾಳಣ್ಣ, ಅಂದರೆ ಈ ಯಜಮಾನಿಯ ಒಡಹುಟ್ಟಿದ ಅಣ್ಣ, ಈಗ ಠಾಣೆಯಲ್ಲಿದ್ದ. ಸಂಜೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುವುದು ಖಚಿತವಾಗಿತ್ತು.

ಆ ಕಾರ್ಖಾನೆಯಲ್ಲಿ ಒಂದು ರೂಢಿ. ಪಿನ್ನಿಗೆ ಕಾಳು ಹೊಡೆಯುವಾಗ ಒಂದು ತೆಳು ಪಟ್ಟಿಗೂ ಅದೇ ಏಟು ಕೊಟ್ಟು, ತಂತಿ ಸುತ್ತಿ ಪಿನ್ನಿನ ಜೊತೆಗೇ ಕಳಿಸುವುದು. ಪಟ್ಟಿ ಎಷ್ಟು ಬಾಗಿದೆಯೋ ಪಿನ್ನಿಗೆ ಅಷ್ಟು ಪೆಟ್ಟು ಬಿದ್ದಿದೆ ಎಂದು ಅರ್ಥ. ರೋಪ್‌ವೇಯ ಉಗ್ರಾಣದಿಂದ ಪೊಲೀಸರ ಕೈಗೆ ಬಂದ ಪಟ್ಟಿ ಬಾಗಿದ್ದು ಅಷ್ಟಕ್ಕಷ್ಟೆ. ಕಾಳಣ್ಣ ಕೆಲಸ ಕದ್ದ, ಪಿನ್ನು ಮುರಿಯಿತು, ಮೇಸ್ತ್ರಿ ಸತ್ತ. ಠಾಣೆಯ ಸಾಹೇಬರಿಗೆ ಈ ಗಂಟು ಇಷ್ಟು ಸಲೀಸಾಗಿ ಬಿಚ್ಚಿಕೊಂಡಿತ್ತು.

ಸಲೀಸಾಗಿ ಬಿಚ್ಚಿದ ಗಂಟೆಂದರೆ ಸೂಜಿಯಮ್ಮನಿಗೆ ಆಗುತ್ತಿರಲಿಲ್ಲ.

“ನಿಮ್ಮಣ್ಣನದಲ್ಲ ಅಂತ ಹೇಗೆ ಹೇಳ್ತೀಯಮ್ಮ?”

“ಹೆತ್ತೋಳಿಗೆ ಕೂಸಿನ ಗುರುತು ಹೇಳಿಕೊಡಬೇಕಾ?”

“ಕೋರ್ಟು ಆ ಮಾತು ಕೇಳಲ್ಲ. ತೋರಿಸು.”

“ತೋರಿಸ್ತೀನಿ.” ಯಜಮಾನಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಈ ಸುತ್ತಮುತ್ತ ಕಾಳು ಹೊಡೆಯೋ ವಿದ್ಯೆ ಬಲ್ಲೋರು ಇಬ್ಬರೇ. ಒಬ್ಬ ನಿಮ್ಮ ಲಾಕಪ್ಪಲ್ಲಿದ್ದಾನೆ.”

“ಇನ್ನೊಬ್ಬರು ಯಾರು?” ದಫೇದಾರ ಕೇಳಿದ.

“ಕಣ್ಣೆದುರಿಗೆ ನಿಂತಿದ್ದೀನಲ್ಲ, ಕಾಣಿಸ್ತಿಲ್ವಾ?”

ಗೋಡೆಯ ಮೇಲೆ ಅವಳ ಇಂಜಿನಿಯರಿಂಗ್ ಪದಕ ತೂಗುತ್ತಿತ್ತು. ಬಂದವರ ಕಣ್ಣಿಗೆ ನೇರ ಬೀಳುವಂಥ ಜಾಗದಲ್ಲೇ.

ಅವಳು ಒಂದು ಡಬ್ಬಿಯಿಂದ ಸೂಜಿಯಮ್ಮನ ಬೊಗಸೆಗೆ ಕಾಳು ಸುರಿದಳು. ಸಾಸಿವೆಗಿಂತ ಸಣ್ಣ ಉಕ್ಕಿನ ಗುಂಡುಗಳು. ತಣ್ಣಗೆ, ನೀರಿನ ಹಾಗೆ ಬೆರಳ ಸಂದಿಯಿಂದ ಜಾರಿದವು. ನೀರಿಗೆ ಇಷ್ಟು ಭಾರವಿರುತ್ತದೆಯೇ! ಸೂಜಿಯಮ್ಮನ ಮಣಿಕಟ್ಟು ತಾನಾಗಿ ಕೆಳಗಿಳಿಯಿತು.

ಕೋಣೆಯ ನಡುವೆ ಬೀರುವಿನಂಥ ಯಂತ್ರ. ಬಾಗಿಲಿಗೆ ದಪ್ಪ ರಬ್ಬರಿನ ಪರದೆ, ಪಕ್ಕದಲ್ಲಿ ಇಣುಕಲು ಅಂಗೈಯಗಲದ ಗಾಜು. ಯಜಮಾನಿ ನೆಟ್ಟಗಿದ್ದ ಹೊಸ ಪಟ್ಟಿಯೊಂದನ್ನು ದಪ್ಪ ಉಕ್ಕಿನ ಗಟ್ಟಿಯ ಮೇಲೆ ಮಲಗಿಸಿ, ಮೂಲೆಮೂಲೆಗೂ ತಿರುಪು ಬಿಗಿದಳು. ಮಿಸುಕಲೂ ಆಗದ ಹಾಗೆ.

“ಮೇಲಿನಿಂದ ಕಾಳು ಬೀಳುತ್ತೆ. ಆಮೇಲೆ ತಿರುಪು ಬಿಚ್ತೀನಿ. ಪಟ್ಟಿ ಎತ್ತ ಬಾಗಿರುತ್ತೆ ಹೇಳಿ ನೋಡೋಣ.”

“ಇದರಲ್ಲಿ ಕೇಳೋದೇನಿದೆ?” ಎಂದ ದಫೇದಾರ. “ನನ್ನ ಹೆಂಡತಿ ಸಿಟ್ಟು ಬಂದಾಗ ಕುಟ್ಟಿದ ತಟ್ಟೆಗಳನ್ನ ದಿನಾ ನೋಡ್ತೀನಿ. ಪೆಟ್ಟು ಬಿದ್ದ ಕಡೆ ತಗ್ಗು.”

ಸೂಜಿಯಮ್ಮನೂ ಮನಸ್ಸಿನಲ್ಲಿ ಹೂಂ ಅಂದಳು.

ಯಂತ್ರ ಗರ್ಜಿಸಿತು. ತಗಡಿನ ಮಾಡಿನ ಮೇಲೆ ಆಕಾಶವೇ ಕಳಚಿ ಆಲಿಕಲ್ಲಾಗಿ ಬಿದ್ದಂಥ ಸದ್ದು. ಗಾಜಿನೊಳಗೆ ಬೂದುಬಣ್ಣದ ಒಂದು ಮಬ್ಬು ಬಿಟ್ಟರೆ ಏನೂ ಕಾಣದು. ಕಾಲಡಿಯ ನೆಲ ಗುಂಯ್‌ಗುಟ್ಟುತ್ತಿತ್ತು. ಆಮೇಲೆ ಒಮ್ಮೆಲೇ ನಿಶ್ಶಬ್ದ.

ಯಜಮಾನಿ ಗಟ್ಟಿಯನ್ನು ಹೊರತೆಗೆದು ಒಂದೊಂದೇ ತಿರುಪು ಸಡಿಲಿಸಿದಳು. ಕೊನೆಯದು ಬಿಟ್ಟುಕೊಂಡದ್ದೇ ತಡ, ಪಟ್ಟಿ ಉಸಿರೆಳೆದುಕೊಂಡ ಹಾಗೆ ನಡು ಎತ್ತಿತು. ಯಾರೂ ಮುಟ್ಟಲಿಲ್ಲ, ಯಾರೂ ಬಗ್ಗಿಸಲಿಲ್ಲ. ತಾನಾಗಿ ಎದ್ದು ಸಣ್ಣ ಸೇತುವೆಯ ಹಾಗೆ ನಿಂತಿತು. ತಗ್ಗು ಬಿದ್ದದ್ದಲ್ಲ, ಉಬ್ಬಿದ್ದು. ಕಾಳು ಬಂದ ದಿಕ್ಕಿಗೇ.

ಸೂಜಿಯಮ್ಮನ ಮೈ ಜುಮ್ಮೆಂದಿತು. ಪೆಟ್ಟು ತಿಂದದ್ದು ಮುದುಡುವುದನ್ನು ಅವಳು ಬಲ್ಲಳು. ಹಿಂದೆ ಸರಿಯುವುದನ್ನು, ಬೆನ್ನು ಬಗ್ಗಿಸುವುದನ್ನು ನೋಡಿದ್ದಳು. ಠಾಣೆಯಲ್ಲಿ, ಮನೆಗಳಲ್ಲಿ ಕಂಡದ್ದೆಲ್ಲ ಅದೇ.

“ಹೊಡೆದವರ ಕಡೆಗೇ ಎದೆಯೊಡ್ಡಿ ನಿಂತಿದೆಯಲ್ಲೇ!” ಎಂದಳು. ದನಿ ಅವಳಿಗೇ ಹೊಸದಾಗಿ ಕೇಳಿಸಿತು.

ಯಜಮಾನಿಯ ಗತ್ತು ಸ್ವಲ್ಪ ಇಳಿಯಿತು. “ಎಷ್ಟು ಸಲ ನೋಡಿದ್ರೂ ನನಗೂ ಹಾಗೇ ಆಗುತ್ತೆ ಮೇಡಂ. ಒಂದೊಂದು ಕಾಳು ಬಿದ್ದಾಗಲೂ ಮೇಲಿನ ಚರ್ಮ ಒಂದಿಷ್ಟು ಹಿಗ್ಗೋಕೆ ನೋಡುತ್ತೆ. ಕೆಳಗಿನ ಉಕ್ಕು ಬಿಡಲ್ಲ, ನನ್ನಳತೆಗೇ ಇರು ಅನ್ನುತ್ತೆ. ಪಟ್ಟಿ ತೆಳುವು, ಸೋತು ಬಾಗಿತು. ಪಿನ್ನು ದಪ್ಪ, ಬಾಗಲ್ಲ. ಹಿಗ್ಗೋಕಾಗದ ಚರ್ಮ ತನ್ನನ್ನ ತಾನೇ ಒತ್ತಿ ಹಿಡ್ಕೊಂಡು ಕೂತಿರುತ್ತೆ.”

“ಒತ್ತಿ ಹಿಡ್ಕೊಂಡರೆ ಏನು ಲಾಭ?”

“ಉಕ್ಕು ಒಂದೇ ಏಟಿಗೆ ಸಾಯಲ್ಲ. ಎಳೆ, ಬಿಡು, ಎಳೆ, ಬಿಡು ಅಂತ ದಿನಾ ದುಡಿಸಿದಾಗ ಮೈಮೇಲೆ ಎಲ್ಲೋ ಒಂದು ಬಿರುಕು ಬಾಯಿ ಬಿಡುತ್ತೆ. ಆಮೇಲೆ ಅದು ಒಳಗೊಳಗೇ ತಿನ್ಕೊಂಡು ಹೋಗುತ್ತೆ. ಒತ್ತಿಕೊಂಡ ಚರ್ಮದಲ್ಲಿ ಬಿರುಕಿಗೆ ಬಾಯಿ ತೆರೆಯೋಕೆ ಜಾಗ ಎಲ್ಲಿ? ಕಿಕ್ಕಿರಿದ ಬಸ್ಸಲ್ಲಿ ನಿಂತೋನು ನಿದ್ದೆ ಮಾಡಿದ್ರೂ ಬೀಳ್ತಾನಾ?”

“ಬೀಳಲ್ಲ. ತನ್ನ ಸ್ಟಾಪಲ್ಲಿ ಇಳಿಯೋಕೂ ಆಗಲ್ಲ” ಎಂದ ದಫೇದಾರ.

“ಆ ಚರ್ಮ ಎಷ್ಟು ದಪ್ಪ?” ಸೂಜಿಯಮ್ಮ ಕೇಳಿದಳು.

ಯಜಮಾನಿ ತನ್ನ ಕಿರುಬೆರಳ ಉಗುರಿನ ಅಂಚು ತೋರಿಸಿದಳು. “ಹೆಚ್ಚೂಕಮ್ಮಿ ಇಷ್ಟು.”

ಉಗುರಿನಷ್ಟು! ಮಕ್ಕಳು ಮರಿ ಕಟ್ಟಿಕೊಂಡು ಸಂಸಾರವೇ ಕೂರುವ ತೊಟ್ಟಿಲು, ಅದರ ಕೆಳಗೆ ಬಾಯ್ದೆರೆದ ಪ್ರಪಾತ, ನಡುವೆ ಕಾವಲಿಗೆ ಉಗುರಿನಷ್ಟು ಚರ್ಮ. ಸೂಜಿಯಮ್ಮ ತನ್ನ ಹೆಬ್ಬೆರಳ ಉಗುರನ್ನು ಸುಮ್ಮನೆ ಒಮ್ಮೆ ಸವರಿಕೊಂಡಳು.

ಕಪಾಟಿನಲ್ಲಿ ಕಾಳು ಹೊಡೆದ ಪಿನ್ನೊಂದಿತ್ತು. ಆವಿ ಕೂತ ಗಾಜಿನ ಹಾಗೆ ಮಂಕು, ಮುಟ್ಟಿದರೆ ಸಣ್ಣಸಣ್ಣ ಗುಳಿ.

“ಇಷ್ಟು ಮಂಕಾಗಿರುತ್ತಾ?”

“ಹೆಣ್ಣು ನೋಡೋಕೆ ಬಂದಿದ್ದೀರಾ? ದುಡಿಯೋ ಮೈ ಹೀಗೇ ಇರುತ್ತೆ.”

ಹಲ್ಲಿನ ಸಂದಿಗೆ ನಾರು ಸಿಕ್ಕಿಕೊಂಡ ಹಾಗೆ ಏನೋ ಒಂದು ಸೂಜಿಯಮ್ಮನ ಮನಸ್ಸಿಗೆ ಸಿಕ್ಕಿಕೊಂಡಿತು. ಮುರಿದ ಪಿನ್ನನ್ನು ಠಾಣೆಯಲ್ಲಿ ಅವಳು ನೋಡಿದ್ದಳು. ಎಲ್ಲರ ಹಾಗೆ ಮುರಿದ ಜಾಗವನ್ನು ನೋಡಿದ್ದಳೇ ಹೊರತು ಅದರ ಮೈ ನೋಡಿರಲಿಲ್ಲ.

ಅವಳು ಸಾಕ್ಷಿಯ ಪಟ್ಟಿಯನ್ನು ಎತ್ತಿ ಹೊಸ ಪಟ್ಟಿಯ ಪಕ್ಕಕ್ಕಿಟ್ಟಳು. ಆಗ ಕಂಡಿತು. ಹೊಸದರಲ್ಲಿ ಗುಳಿಗಳಿದ್ದ ಮೈ ಉಬ್ಬಿತ್ತು. ಸಾಕ್ಷಿಯ ಪಟ್ಟಿಯಲ್ಲಿ ಗುಳಿಗಳಿದ್ದ ಮೈ ತಗ್ಗಿನೊಳಗಿತ್ತು. ಗುಳಿಗಳೂ ಅಷ್ಟೆ. ಹೊಸದರಲ್ಲಿ ಒಂದರ ಮೇಲೊಂದು ಬಿದ್ದು ಸೂಜಿ ಊರಲೂ ಜಾಗವಿಲ್ಲ. ಸಾಕ್ಷಿಯದರಲ್ಲಿ ಕಸೂತಿ ಹಾಕಿದ ಹಾಗೆ ಸಾಲಾಗಿ, ಬಿಡಿಬಿಡಿಯಾಗಿ.

“ಮೊನೆಯ ಪಂಚು ಇಟ್ಟು ಸುತ್ತಿಗೆಯಲ್ಲಿ ಕುಟ್ಟಿದ್ದಾರೆ. ಆಮೇಲೆ ಕೈಯಲ್ಲಿ ಬಗ್ಗಿಸಿದ್ದಾರೆ” ಎಂದಳು ನಿಧಾನವಾಗಿ. “ಪೆಟ್ಟು ಬಿದ್ದ ಕಡೆ ತಗ್ಗಾಗುತ್ತೆ ಅಂದ್ಕೊಂಡು.”

“ನನ್ನ ಹಾಗೆ” ಎಂದ ದಫೇದಾರ, ಸ್ವಲ್ಪ ಗಾಬರಿಯಾಗಿ.

“ನಿನ್ನ ಹಾಗೆ, ನನ್ನ ಹಾಗೆ. ಈ ಯಂತ್ರದ ಮುಂದೆ ಒಂದು ಸಲವೂ ನಿಲ್ಲದ ಯಾರ ಹಾಗಾದರೂ.” ಅವಳು ಯಜಮಾನಿಯತ್ತ ತಿರುಗಿದಳು. “ಈ ಪಟ್ಟಿ ಹಾದುಬಂದದ್ದು ಎರಡೇ ಕೈ. ಠಾಣೆಗೆ ತಂದುಕೊಟ್ಟೋನು ರೋಪ್‌ವೇ ಮ್ಯಾನೇಜರ್. ಅದಕ್ಕೆ ಮುಂಚೆ ಉಗ್ರಾಣದಲ್ಲಿಟ್ಟಿದ್ದೋನು ಸತ್ತ ಮೇಸ್ತ್ರಿಯ ಅಳಿಯ. ಇಬ್ಬರಲ್ಲಿ ಇಲ್ಲಿಗೆ ಬಂದಿದ್ದೋರು ಯಾರು?”

“ಮ್ಯಾನೇಜರ್. ಇದೇ ಜಾಗದಲ್ಲಿ ನಿಂತು ಪಟ್ಟಿ ಏಳೋದನ್ನ ನೋಡಿ ಬಾಯಿ ತೆರೆದೋನು, ಮುಚ್ಚೋಕೆ ಮರೆತಿದ್ದ. ಅಳಿಯನ್ನ ನಾನು ಕಂಡೇ ಇಲ್ಲ.”

ದಫೇದಾರನ ಮುಖ ಬಾಡಿತು. “ಥೂ, ಮ್ಯಾನೇಜರೇ ಕಳ್ಳ ಅಂದ್ಕೊಂಡಿದ್ದೆ. ನೋಡಿದ್ದೋನು ಹೀಗೆ ತಿರುಗಾಮುರುಗಾ ಬಗ್ಗಿಸ್ತಿರಲಿಲ್ಲ.”

* * *

ಜೀಪು ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಯಿಂದ ಜಾರಿತ್ತು. ಯಜಮಾನಿ ಹಟ ಹಿಡಿದು ಜೊತೆಗೇ ಬಂದಿದ್ದಳು. ಆರೋಪಿಯ ತಂಗಿ ಒಳಗೆ ಬರಬಾರದೆಂದು ಸೂಜಿಯಮ್ಮ ಅವಳನ್ನು ರೋಪ್‌ವೇ ಉಗ್ರಾಣದ ಹಿಂದೆ ಜೀಪಿನಲ್ಲೇ ಕೂರಿಸಿದಳು.

ಉಗ್ರಾಣದ ಮುಂದಕ್ಕೆ ಬಂದರೆ, ಉಳಿದ ಇನ್ನೊಂದು ತೊಟ್ಟಿಲು ಆಗಷ್ಟೇ ನೆಲ ಬಿಟ್ಟು ಏರುತ್ತಿತ್ತು. ಇರುವೆ ಸಕ್ಕರೆ ಹೊತ್ತುಕೊಂಡು ಗೋಡೆ ಹತ್ತಿದ ಹಾಗೆ, ಮೆಲ್ಲಮೆಲ್ಲಗೆ. ಒಳಗೆ ಠಾಣೆಯ ಸಾಹೇಬರು, ಮ್ಯಾನೇಜರ್, ಮತ್ತೆ ಬೇಡಿ ಹಾಕಿದ ಕಾಳಣ್ಣ. ತೊಟ್ಟಿಲು ಕಳಚಿದ ಜಾಗ ಮೇಲಿನಿಂದಲೇ ಸರಿಯಾಗಿ ಕಾಣುತ್ತದೆ, ಕಾಳಣ್ಣನನ್ನು ಅಲ್ಲಿಗೆ ಕರೆದೊಯ್ದು ಅವನೇನು ಹೇಳುತ್ತಾನೋ ಕೇಳಿ ಎಂದು ಬೆಳಿಗ್ಗೆ ಸಾಹೇಬರಿಗೆ ಸೂಚಿಸಿದವಳು ಸೂಜಿಯಮ್ಮನೇ.

ಅವಳು ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತ ನಿಂತಳು. ಆ ಎತ್ತರ, ಆ ಒಂಟಿ ಹಗ್ಗ, ಅದಕ್ಕೆ ಜೋತು ಹಕ್ಕಿಯ ದಾರಿಯಲ್ಲಿ ಹೋಗುವ ಮನುಷ್ಯರು. ತೊಟ್ಟಿಲ ನೆತ್ತಿಯಲ್ಲಿ ಏನೋ ಫಳ್ಳೆಂದು ಮಿಂಚಿತು, ಹಗಲಿನಲ್ಲೇ ಚುಕ್ಕಿ ಮೂಡಿದ ಹಾಗೆ. ಎಷ್ಟು ಚೆಂದ ಎಂದುಕೊಂಡು ಅವಳು ಉಗ್ರಾಣದ ಬಾಗಿಲು ತಟ್ಟಿದಳು.

ಅಳಿಯ ಚಿಲಕ ತೆಗೆಯಲು ತಡಮಾಡಿದ. ಗಡ್ಡ ಬೆಳೆದಿತ್ತು, ಕಣ್ಣು ಬಾತಿದ್ದವು. ಆದರೆ ಅವನ ಹಿಂದಿದ್ದ ಉಗ್ರಾಣ! ಸ್ಪ್ಯಾನರುಗಳು, ಕೊಕ್ಕೆಗಳು, ಬೀಗಗಳು, ಕೊನೆಗೆ ಎಣ್ಣೆಯ ಡಬ್ಬಿಯ ಮುಚ್ಚಳ ಕೂಡ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು.

“ಕಬ್ಬಿಣದ ಉಗ್ರಾಣನೋ, ಒಡವೆ ಅಂಗಡಿನೋ?” ಎಂದ ದಫೇದಾರ.

“ನಮ್ಮ ಮಾವನಿಗೆ ಹಾಗೇ ಇರಬೇಕಿತ್ತು” ಎಂದ ಅಳಿಯ. “ಸಾಮಾನು ಮಂಕಾಗಿದ್ರೆ ಆಳೂ ಮಂಕು ಅನ್ನೋರು. ಹೊಳಪು ಕಂಡ್ರೆ ಬೆನ್ನು ತಟ್ಟೋರು. ನನಗೆ ಅಪ್ಪ ಇಲ್ಲ ಮೇಡಂ. ಕೆಲಸ ಕೊಟ್ಟೋರು, ಮಗಳನ್ನ ಕೊಟ್ಟೋರು ಅವರೇ.”

ಸೂಜಿಯಮ್ಮ ಅವನ ಕೈಗೆ ನೆಟ್ಟಗಿದ್ದ ಪಟ್ಟಿಯೊಂದನ್ನು ಕೊಟ್ಟಳು.

“ಇದು ನನಗೆ ಸರಿಯಾಗಿ ತಲೆಗೆ ಹತ್ತುತ್ತಿಲ್ಲಪ್ಪ. ಇದರ ಮೇಲೆ ಕಾಳು ಬಿದ್ರೆ ಹೇಗೆ ಬಾಗುತ್ತೆ? ಸ್ವಲ್ಪ ಬಗ್ಗಿಸಿ ತೋರಿಸ್ತೀಯಾ?”

“ಯಾವ ಕಡೆಯಿಂದ ಬೀಳುತ್ತೆ?”

“ಮೇಲಿನಿಂದ.”

ಅವನು ಎರಡು ಹೆಬ್ಬೆರಳು ನಡುವೆ ಊರಿ ಒತ್ತಿದ. ಪಟ್ಟಿ ದೋಣಿಯ ಹಾಗೆ ತಗ್ಗಾಯಿತು. ಸೂಜಿಯಮ್ಮ ಸಾಕ್ಷಿಯ ಪಟ್ಟಿಯನ್ನು ಅದರ ಪಕ್ಕಕ್ಕಿಟ್ಟಳು. ಅವಳಿ ಮಕ್ಕಳು. ಆಮೇಲೆ ಚೀಲದಿಂದ ಯಜಮಾನಿ ಹೊಡೆದ ಪಟ್ಟಿ ತೆಗೆದು ಎರಡರ ನಡುವೆ ಇಟ್ಟಳು. ಅದು ಎದೆಯುಬ್ಬಿಸಿ ನಿಂತಿತು.

“ನಿಜವಾಗಿ ಕಾಳು ಬಿದ್ದದ್ದು ಇದಕ್ಕೆ” ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಳಿಯನ ಕೈ ಹೋದದ್ದು ಮೇಜಿನ ಮೇಲಿದ್ದ ಪಂಚಿಗೆ. ಅದನ್ನು ಬಟ್ಟೆಯ ಅಡಿಗೆ ಸರಿಸಲು ನೋಡಿದ. ದಫೇದಾರ ಮೊದಲೇ ಎತ್ತಿಕೊಂಡಿದ್ದ.

“ನಾನು ಮಾವನ್ನ ಕೊಲ್ಲಲಿಲ್ಲ.”

“ಕೊಂದೆ ಅಂತ ನಾನು ಅಂದೆನಾ? ನಿಜವಾದ ಪಟ್ಟಿ ಎಲ್ಲಿ?”

“ನದಿಗೆ ಎಸೆದೆ.”

“ಯಾಕೆ?”

ಅವನು ಉಬ್ಬಿದ ಪಟ್ಟಿಯಿಂದ ಕಣ್ಣು ಕೀಳಲಿಲ್ಲ. “ಅದೂ ಚೆನ್ನಾಗೇ ಬಾಗಿತ್ತು. ಕೊಟ್ಟಿದ್ರೆ ಕಾಳಣ್ಣಂದು ತಪ್ಪಿಲ್ಲ ಅಂತಾಗ್ತಿತ್ತು. ಆಮೇಲೆ ಪಿನ್ನು ಯಾರ ಕೈಗೆ ಬಂತು ಅಂತ ಕೇಳ್ತಿದ್ರಿ. ಅವಸರದಲ್ಲಿ ಬೇರೆ ಮಾಡಿದೆ. ನಿಜವಾದ್ದು ಎತ್ತ ಬಾಗಿತ್ತು ಅಂತ ನೋಡಿಟ್ಕೊಂಡಿರಲಿಲ್ಲ.”

“ಪಿನ್ನು ನಿನ್ನ ಕೈಗೆ ಬಂದು ಏನಾಯ್ತು?”

“ಮಂಕಾಗಿತ್ತು ಮೇಡಂ. ಮೈತುಂಬ ಗುಳಿ, ಹಳೇ ಸಾಮಾನಿನ ಹಾಗೆ. ನೆತ್ತಿಯ ಮೇಲೆ ಎಲ್ಲರಿಗೂ ಕಾಣೋ ಜಾಗ. ಉದ್ಘಾಟನೆ ದಿನ ಮಾವನಿಗೆ ತಲೆ ತಗ್ಗಬಾರದು ಅಂತ...” ಅವನು ಮೂಲೆಯ ಎಮರಿ ಚಕ್ರದ ಕಡೆ ನೋಡಿದ. “ಚಕ್ರಕ್ಕೆ ಹಿಡಿದೆ. ಗುಳಿ ಹೋಗೋ ತನಕ ಉಜ್ಜಿದೆ. ಕನ್ನಡಿ ಥರ ಬಂತು. ಹೇಳದೆ ಕೇಳದೆ ಮಾಡಿದ್ದು, ಖುಷಿಪಡಲಿ ಅಂತ. ಅವರು ತಲೆ ಎತ್ತಿ ನೋಡೋ ಹೊತ್ತಿಗೆ ಪಿನ್ನು ಮೇಲೇರಿ ಆಗಿತ್ತು.”

“ಅದರಿಂದಲೇ ಮುರೀತು ಅಂತ ನಿನಗೆ ಯಾವಾಗ ಗೊತ್ತಾಯ್ತು?”

“ಮಾವನ್ನ ಮಣ್ಣು ಮಾಡಿದ ದಿನ. ಕಾಳಣ್ಣ ಬಂದು ನನ್ನ ತಬ್ಬಿಕೊಂಡು ಅತ್ತ. ‘ಗುಳಿ ಗುಳಿಯಾಗಿ ಹೊಡೆದುಕೊಟ್ಟಿದ್ದೆ ಕಣಪ್ಪ, ಆ ಗುಳಿಗಳೇ ಅದರ ಜೀವ, ಹೇಗೆ ಮುರೀತೋ’ ಅಂದ.” ಅವನು ತನ್ನ ಹೆಗಲು ಮುಟ್ಟಿಕೊಂಡ. “ನನ್ನ ಹೆಗಲ ಮೇಲೇ ಅಂದ.”

ಸೂಜಿಯಮ್ಮ ಉಬ್ಬಿದ ಪಟ್ಟಿಯ ಮೇಲೆ ಬೆರಳಾಡಿಸಿದಳು. ಉಗುರಿನಷ್ಟು ಚರ್ಮ. ಅದನ್ನು ಕಳ್ಳ ಕದ್ದಿರಲಿಲ್ಲ, ವೈರಿ ಕೊಯ್ದಿರಲಿಲ್ಲ. ಮಾವನ ಮೇಲಿನ ಪ್ರೀತಿ ಕೂತು ಉಜ್ಜಿ ತೆಗೆದಿತ್ತು. ಕಾಳಣ್ಣ ಬಿಡುಗಡೆಯಾಗುತ್ತಾನೆ, ಸಂಜೆಯೊಳಗೆ ಇವನ ಹೇಳಿಕೆ ಕೋರ್ಟಿಗೆ ಮುಟ್ಟಿದರೆ ಸಾಕು ಎಂದು ಅವಳ ಅರ್ಧ ಮನಸ್ಸು ಲೆಕ್ಕ ಹಾಕುತ್ತಿತ್ತು. ಇನ್ನರ್ಧಕ್ಕೆ ಆ ನಾರು ಚುಚ್ಚುತ್ತಲೇ ಇತ್ತು. ಮಂಕು. ಹೊಳಪು. ಹಗಲಿನಲ್ಲಿ ಮೂಡಿದ ಚುಕ್ಕಿ.

ಅವಳು ತಟ್ಟನೆ ಎದ್ದು ನಿಂತಳು.

“ಎಷ್ಟು ಪಿನ್ನು ಉಜ್ಜಿದೆ?”

“ಜೋಡಿ ತೊಟ್ಟಿಲಲ್ವಾ ಮೇಡಂ. ಎರಡೂ.”

“ಇನ್ನೊಂದು ಈಗ ಮೇಲೆ ಹೋಗ್ತಿದೆಯಲ್ಲೋ!”

“ಏನು?” ಅಳಿಯನ ಮುಖದಲ್ಲಿ ರಕ್ತ ಉಳಿಯಲಿಲ್ಲ. “ಅದು ಇನ್ನು ಓಡಲ್ಲ ಅಂದಿದ್ರು! ಬಾಗಿಲು ಹಾಕ್ಕೊಂಡು ಕೂತಿದ್ದೆ, ನನಗೆ ಗೊತ್ತೇ ಇಲ್ಲ. ಯಾರಿದ್ದಾರೆ ಅದರಲ್ಲಿ?”

ಸೂಜಿಯಮ್ಮ ಆಗಲೇ ಯಂತ್ರದ ಕೋಣೆಯತ್ತ ಓಡುತ್ತಿದ್ದಳು. ಓಡುವ ಕಾಲಿಗೆ ಬಾಯಿ ಇರುವುದಿಲ್ಲ.

ಯಂತ್ರದ ಕೋಣೆಯಲ್ಲಿ ಚಾಲಕ ಹಿಡಿಕೆಯ ಮೇಲೆ ಕೈಯಿಟ್ಟು ನೆಮ್ಮದಿಯಾಗಿ ಕೂತಿದ್ದ. ಅವನೆದುರಿನ ದೊಡ್ಡ ಕಿಟಕಿಯಲ್ಲಿ ತೊಟ್ಟಿಲು ಎರಡು ಕಂಬಗಳ ನಟ್ಟನಡುವೆ ತೂಗುತ್ತಿತ್ತು. ಅದರ ಕೆಳಗೆ ಬಂಡೆಗಳ ಕಣಿವೆ. ನೆತ್ತಿಯಲ್ಲಿ ಮತ್ತೆ ಅದೇ ಮಿಂಚು.

“ನಿಲ್ಲಿಸು!” ಎಂದು ಅಳಿಯ ಕಿರುಚಿ ಕೆಂಪು ಗುಂಡಿಯ ಕಡೆ ನುಗ್ಗಿದ.

“ಮುಟ್ಟಬೇಡ!” ಬಾಗಿಲಲ್ಲಿ ಯಜಮಾನಿ ಏದುತ್ತ ನಿಂತಿದ್ದಳು. ದಫೇದಾರ ಓಡಿಹೋಗಿ ಅವಳಿಗೆ ಹೇಳಿಬಂದಿದ್ದ. ಅವಳ ಗತ್ತೆಲ್ಲ ಎಲ್ಲೋ ಬಿದ್ದುಹೋಗಿತ್ತು. “ಥಟ್ಟನೆ ನಿಲ್ಲಿಸಿದ್ರೆ ಜೋಲಿ ಹೊಡೆಯುತ್ತೆ. ಆ ಒಂದು ಜೋಲಿ ಸಾಕು ಅದಕ್ಕೆ.”

“ಹಾಗಾದ್ರೆ ನಡೆಸೋದಾ?” ಚಾಲಕ ಕೇಳಿದ. “ಮುಂದೆ ಕಂಬ ಇದೆ. ದಾಟುವಾಗ ಗಡಗಡ ಅಂತ ಕುಲುಕೇ ಕುಲುಕುತ್ತೆ.”

ಸೂಜಿಯಮ್ಮ ಗುಂಡಿಗೂ ಅಳಿಯನಿಗೂ ನಡುವೆ ನಿಂತಳು. ಜೀವಮಾನವಿಡೀ ಅವಳು ಎಳೆ ಹಿಡಿದು ಎಳೆದವಳು. ಇವತ್ತು ಎಳೆಯುವುದೋ ಬಿಡುವುದೋ ತಿಳಿಯಲಿಲ್ಲ. “ವೇಗ ಇಳಿಸು. ಮೆಲ್ಲಗೆ, ಮಗು ಮಲಗಿಸೋ ಹಾಗೆ” ಎಂದು ಚಾಲಕನಿಗೆ ಹೇಳಿ, ತೊಟ್ಟಿಲಿಗೆ ಮಾತಾಡುವ ಫೋನು ಎತ್ತಿದಳು. “ಸಾಹೇಬರೇ, ಯಾರೂ ಅಲುಗಾಡಬೇಡಿ. ಫೋನು ಕಾಳಣ್ಣನ ಬಾಯಿ ಹತ್ರ ಹಿಡೀರಿ.”

ಗರಗರ ಸದ್ದು. ಗಾಳಿಯ ಸದ್ದು. ಬೇಡಿಯ ಕಿಣಿಕಿಣಿ.

“ಅಣ್ಣಾ” ಎಂದಳು ಯಜಮಾನಿ, ಫೋನನ್ನು ಕಿತ್ತುಕೊಂಡು.

“ನೀನೂ ಬಂದಿದ್ದೀಯಾ ತಂಗಿ?” ದನಿ ತಣ್ಣಗಿತ್ತು, ಕಾರ್ಖಾನೆಯಲ್ಲಿ ಪಕ್ಕದ ಮೇಜಿನಿಂದ ಮಾತಾಡಿದಷ್ಟು ತಣ್ಣಗೆ. “ಆಗಿಂದ ತಲೆ ಎತ್ಕೊಂಡು ಪಿನ್ನನ್ನೇ ನೋಡ್ತಿದ್ದೀನಿ. ಮಾಡಿನ ಜಾಲರಿಯಿಂದ ಕೈಗೆ ಸಿಗುತ್ತೆ. ಇದು ನಾನು ಕಳಿಸಿದ ಮೈ ಅಲ್ಲ ಕಣೇ. ಯಾರೋ ಕನ್ನಡಿ ಮಾಡಿದ್ದಾರೆ. ನನ್ನ ಮುಖ ಕಾಣ್ತಿದೆ ಇದರಲ್ಲಿ.”

“ಗೊತ್ತಾಯ್ತು ಅಣ್ಣ. ನೀನು ಅಲ್ಲಾಡಬೇಡ.”

“ಇನ್ನೊಂದು ಮಾತು.” ಕಿಟಕಿಯಾಚೆ ತೊಟ್ಟಿಲು ಕಂಬದ ನೆರಳಿನೊಳಗೆ ಮೂಗು ತೂರಿಸುತ್ತಿತ್ತು. “ಪಿನ್ನಿನ ಕುತ್ತಿಗೆ ಹತ್ರ ಒಂದು ಕೂದಲು ಅಂಟಿಕೊಂಡಿತ್ತು. ನನ್ನದೇ ಇರಬೇಕು ಅಂದ್ಕೊಂಡು ಬೆರಳಲ್ಲಿ ಒರೆಸಿದೆ.”

“ಕೂದಲೋ ಬಿರುಕೋ ಅಣ್ಣ?” ಎಂದಳು ಯಜಮಾನಿ.

“ಹೋಗಲಿಲ್ಲ ತಂಗಿ.”